ಮಾತಾಡಬಾರದಂತೆ

ನಮ್ಮಮ್ಮ ಮತ್ತು ದೊಡ್ಡಮ್ಮ ಏಳು ವರ್ಷ ಮಾತು ಬಿಟ್ಟಿದ್ದರು. ಹಾಗೆಂದರೆ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು ಎಂದು ಯಾರೂ ತಿಳಿಯಬಾರದು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಅವರಿಬ್ಬರಷ್ಟು ಮಾತಾಡುವವರು ಮೂರನೆಯವರಿಲ್ಲ. ನಮ್ಮ ಮನೆಗೂ ದೊಡ್ಡಮ್ಮನ ಮನೆಗೂ ಒಂದೇ ಗೋಡೆ, ಒಂದೇ ನಲ್ಲಿ, ಬಟ್ಟೆ ಒಣಗಿಸಲು ಒಂದೇ ತಂತಿ. ಇಷ್ಟನ್ನೆಲ್ಲ ಹಂಚಿಕೊಂಡು ಮಾತೊಂದನ್ನು ಬಿಡುವುದು ಸುಲಭದ ಕೆಲಸವಲ್ಲ. ಅವರಿಗೆ ಅದು ಸಾಧ್ಯವಾಗಿದ್ದು ಕನ್ನಡದಿಂದ. ಮುನಿಸಿಕೊಂಡವರಿಗೆ ಕನ್ನಡದಷ್ಟು ಅನುಕೂಲವಾದ ಭಾಷೆ ಇನ್ನೊಂದಿಲ್ಲ ಎಂದು ನಾನು, ಒಬ್ಬ ಇಂಗ್ಲಿಷ್ ಮೇಡಂ, ಎದೆ ಮುಟ್ಟಿಕೊಂಡು ಹೇಳುತ್ತೇನೆ.

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದರೆ ಅಮ್ಮ ತನ್ನ ಕೊಡಕ್ಕೆ ಹೇಳುತ್ತಿದ್ದಳು, "ನೀರು ಬಂತು. ಹಿಡ್ಕೊಳ್ಳೋದಾದ್ರೆ ಹಿಡ್ಕೋಬೋದು."

ದೊಡ್ಡಮ್ಮ ಆಚೆಯಿಂದ ತನ್ನ ಪೊರಕೆಗೆ ಉತ್ತರ ಕೊಡುತ್ತಿದ್ದಳು, "ಬಂದಿದ್ದು ಕಾಣ್ತಾ ಇದೆ. ತುಂಬಿಸ್ಕೊಂಡ್ಮೇಲೆ ಪೈಪ್ ಬಿಟ್ಟು ಹೋದ್ರೆ ಸಾಕು."

ಯಾರು ಹಿಡಿದುಕೊಳ್ಳಬೇಕು, ಯಾರು ಬಿಟ್ಟು ಹೋಗಬೇಕು? ನಾನು ಇಲ್ಲ, ನೀನು ಇಲ್ಲ. ಮಾತು ಗಾಳಿಗೆ, ಕೆಲಸ ಮಾತ್ರ ಕರಾರುವಾಕ್ಕಾಗಿ ಆಗುತ್ತಿತ್ತು. "ಮಳೆ ಬರೋ ಹಂಗಿದೆ, ತಂತಿ ಮೇಲೆ ಸೀರೆ ಹಂಗೇ ಇದೆ" ಎಂದು ಅಮ್ಮ ಆಕಾಶಕ್ಕೆ ಹೇಳಿದರೆ ಐದು ನಿಮಿಷದಲ್ಲಿ ದೊಡ್ಡಮ್ಮನ ಸೀರೆ ಒಳಗೆ ಹೋಗಿರುತ್ತಿತ್ತು. ಹೀಗೆ ಏಳು ವರ್ಷ.

ಅವರ ಪರಿಚಯ ಮಾಡಿಕೊಡುತ್ತೇನೆ. ಅಮ್ಮನ ಹೆಸರು ಆದಿಲಕ್ಷ್ಮಮ್ಮ, ಅಂಗನವಾಡಿ ಕಾರ್ಯಕರ್ತೆ. ಮನಸ್ಸಿಗೂ ನಾಲಿಗೆಗೂ ನಡುವೆ ಅವಳಿಗೆ ಬಾಗಿಲೇ ಇಟ್ಟಿಲ್ಲ. ತೋಚಿದ್ದು ತೋಚಿದ ಹಾಗೇ ಹೊರಗೆ ಬರುತ್ತದೆ. ಅವಳ ಅಕ್ಕ ಗಂಗುಲಮ್ಮ ಆಶಾ ಕಾರ್ಯಕರ್ತೆ. ಸೂಜಿ ಎಂದರೆ ಮನೆ ಹಿತ್ತಲಿಂದ ಓಡಿಹೋಗುತ್ತಿದ್ದ ಗಂಡಸರನ್ನು ನಯವಾಗಿ ಮಾತಾಡಿಸಿ ಕರೆತಂದು ಇಂಜೆಕ್ಷನ್ ಕೊಡಿಸಿದವಳು. ನಮ್ಮ ನೆಂಟರಿಷ್ಟರಲ್ಲಿ ಯಾವ ಮದುವೆ ಮಾತುಕತೆಯೂ ಅವಳಿಲ್ಲದೆ ಕುದುರಿದ್ದಿಲ್ಲ. ಅವಳಿಗೆ ಮಕ್ಕಳಿಲ್ಲ. ನಾನು ನಡೆಯಲು ಕಲಿತದ್ದು ಅವಳ ಮನೆಯ ಹಜಾರದಲ್ಲಿ, ಓದಲು ಕಲಿತದ್ದು ಅವಳ ಲಸಿಕೆ ರಿಜಿಸ್ಟರಿನಲ್ಲಿ. ನನಗೆ ಅವಳ ಮೇಲೆ ಅಮ್ಮನ ಮೇಲಿರುವಷ್ಟೇ ಪ್ರೀತಿ, ಒಂದೊಂದು ದಿನ ಒಂದು ತೂಕ ಹೆಚ್ಚೇ. ಅಮ್ಮ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಜಗಳವಾದದ್ದು ನನ್ನಿಂದ, ನನ್ನ ಮದುವೆ ಮಾತಿನಿಂದ. ಆಗ ನನಗೆ ಇಪ್ಪತ್ನಾಲ್ಕು, ಬಿ.ಎಡ್. ಮುಗಿದಿತ್ತು. ಗೌರಿಬಿದನೂರಿನ ಕಡೆಯ ಒಂದು ಗಂಡು ನೋಡಲು ಬರುವವನಿದ್ದ. ಹಿಂದಿನ ದಿನ ಅಮ್ಮ ಚಕ್ಕುಲಿ ಒತ್ತುತ್ತ ನನಗೆ ಹೇಳಿದಳು, "ದೊಡ್ಡಮ್ಮಂಗೆ ಒಂದ್ಮಾತು ಹೇಳ್ಬಿಟ್ಟು ಬಾರೆ. ನಾಳೆ ಬಂದೋರ ಮುಂದೆ ನಾನು ಮಾತಾಡ್ಬಾರ್ದು. ನಾನು ಬಾಯಿ ಬಿಟ್ರೆ ಏನಾಗತ್ತೆ ಅಂತ ನಂಗೇ ಗೊತ್ತು. ಎಲ್ಲಾ ಅವ್ಳೇ ನೋಡ್ಕೊಳ್ಲಿ ಅನ್ನು."

ನಾನು ಗೋಡೆಯಾಚೆ ಹೋಗಿ ಹೇಳಿದ್ದು ಇಷ್ಟು: "ದೊಡ್ಡಮ್ಮ, ಅಮ್ಮ ಹೇಳಿ ಕಳಿಸಿದ್ಲು. ನಾಳೆ ಬಂದೋರ ಮುಂದೆ ಮಾತಾಡ್ಬಾರ್ದಂತೆ."

ಅಷ್ಟೇ. ನಾನು ಎಂಬ ಒಂದು ಪದ ದಾರಿಯಲ್ಲಿ ಬಿದ್ದುಹೋಗಿತ್ತು. ಕನ್ನಡದಲ್ಲಿ ಅದು ದಿನಾ ಬೀಳುತ್ತದೆ, ಯಾರೂ ಬಗ್ಗಿ ಎತ್ತಿಕೊಳ್ಳುವುದಿಲ್ಲ.

ಮಾರನೆಯ ದಿನ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಬಂದು ಮೂಲೆಯ ಕುರ್ಚಿಯಲ್ಲಿ ಕೂತಳು. ಗಂಡಿನ ತಾಯಿ ಏನು ಕೇಳಿದರೂ ಸೀಲಿಂಗ್ ಫ್ಯಾನ್ ನೋಡುತ್ತಿದ್ದಳು. ಅಮ್ಮ ಕಣ್ಣಲ್ಲಿ ಸನ್ನೆ ಮಾಡಿದಳು, ಕಾಲು ತುಳಿದಳು, ಕೆಮ್ಮಿದಳು. ಊಹೂಂ. ಹತ್ತು ನಿಮಿಷ ಯಾರೂ ಮಾತಾಡದೆ ಉಪ್ಪಿಟ್ಟು ತಿಂದರು. ಕೊನೆಗೆ ಅಮ್ಮನೇ ಬಾಯಿ ಬಿಡಬೇಕಾಯಿತು. ಅವಳು ಗಂಡಿನ ತಾಯಿಗೆ ಕೇಳಿದ ಮೊದಲ ಪ್ರಶ್ನೆ ಇದು: "ನಿಮ್ಮ ಹುಡುಗ ಕೂತಿರೋದಕ್ಕೆ ಹಿಂಗೆ ಕಾಣ್ತಾರಾ, ಇಲ್ಲಾ ಇರೋ ಎತ್ತರಾನೇ ಇಷ್ಟಾ?"

ಗೌರಿಬಿದನೂರಿನವರು ಕಾಫಿಗೂ ಕಾಯಲಿಲ್ಲ.

ಆಮೇಲೆ ಆದ ಜಗಳ ಬೀದಿಗೆಲ್ಲ ಗೊತ್ತು. ನಮ್ಮೆರಡೂ ಮನೆಯಲ್ಲಿ ಬುದ್ಧನ ಫೋಟೊ ಇದೆ. ಅದರ ಮುಂದೆ ಸಿಟ್ಟಿನ ಮಾತಾಡುವುದು ಸರಿಯಲ್ಲ ಎಂದು ಅಕ್ಕತಂಗಿಯರು ಬೀದಿಗಿಳಿದು ಸಿಟ್ಟಾದರು.

"ಬೇಕೂಂತ್ಲೇ ಬಾಯಿ ಮುಚ್ಕೊಂಡು ಕೂತೆ ನೀನು!" ಎಂದಳು ಅಮ್ಮ.

"ಹೂಂ ಕಣೇ, ನಿಂಗೆ ಬೇಕಾದಂಗೇ ಕೂತಿದ್ದೆ!" ಎಂದಳು ದೊಡ್ಡಮ್ಮ.

ದೊಡ್ಡಮ್ಮ ಹೇಳಿದ್ದು ಅವಳ ಲೆಕ್ಕದಲ್ಲಿ ಅಪ್ಪಟ ಸತ್ಯ. ಅಮ್ಮನಿಗೆ ಅದು ಕೊಂಕಾಗಿ ಕೇಳಿಸಿತು. ಅಮ್ಮ ಕೈ ಎತ್ತಿ ಹೇಳಿದಳು, "ಇನ್ಮೇಲೆ ಕನ್ನಡದಲ್ಲಾಗ್ಲಿ ತೆಲುಗಲ್ಲಾಗ್ಲಿ ನಿನ್ನ ಜೊತೆ ಒಂದು ಮಾತಾಡಿದ್ರೆ ನಾನು ಆದಿಲಕ್ಷ್ಮಿ ಅಲ್ಲ!" ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿದರೆ ತೆಲುಗೇ ಬರುವುದು. "ನಾದೀ ಅದೇ ಮಾಟ!" ಎಂದಳು. ನಂದೂ ಅದೇ ಮಾತು ಎಂದು. ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಬಸ್ಸು ಹತ್ತಿ ಮುರುಗಮಲ್ಲಕ್ಕೆ ಹೋಗಿ ದರ್ಗಾದ ಕಟ್ಟೆಯ ಮೇಲೆ ಸಂಜೆಯವರೆಗೆ ಒಬ್ಬಳೇ ಕೂತಿದ್ದು ಬಂದಳಂತೆ.

ತಂಗಿಯಾದವಳು ತನಗೆ ಮಾತಾಡಬೇಡ ಎಂದು ಹೇಳಿ ಕಳಿಸಿದಳು ಎಂಬುದನ್ನು ಬಾಯಿಬಿಟ್ಟು ಹೇಳಲು ದೊಡ್ಡಮ್ಮನಿಗೆ ಅವಮಾನ. ಅಕ್ಕನಿಗೆ ಮಕ್ಕಳಿಲ್ಲವೆಂದು ಹೊಟ್ಟೆಕಿಚ್ಚು ಇರಬಹುದು ಎಂದು ಅಮ್ಮನ ಅನುಮಾನ, ಅದನ್ನು ಹೇಳಲು ಅವಳಿಗೂ ನಾಚಿಕೆ. ನಿಜ ಏನೆಂದು ಗೊತ್ತಿದ್ದವಳು ನಾನೊಬ್ಬಳೇ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ನನಗೆ ಕೆಲಸ ಸಿಕ್ಕಿತು, ಮೇಲೂರಿನ ಹೈಸ್ಕೂಲಿಗೆ ಇಂಗ್ಲಿಷ್ ಮೇಡಂ ಆದೆ. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ದೊಡ್ಡಮ್ಮ ನನ್ನನ್ನು ಬೀದಿಯಲ್ಲಿ ಕಂಡರೆ "ಚೆನ್ನಾಗಿದೀಯೇನಮ್ಮಾ" ಎನ್ನುತ್ತಿದ್ದಳು, ಒಳಗೆ ಬಾ ಎನ್ನುತ್ತಿರಲಿಲ್ಲ. ನಿಜ ತಿಳಿದರೆ ಚೆನ್ನಾಗಿದೀಯಾ ಎಂದು ಕೇಳುವುದನ್ನೂ ನಿಲ್ಲಿಸುತ್ತಾಳೆ ಎಂಬ ಹೆದರಿಕೆ ನನಗೆ. ತಪ್ಪು ನನ್ನದಲ್ಲ, ಭಾಷೆಯದು ಎಂದು ಸಮಾಧಾನ ಹೇಳಿಕೊಂಡೆ. ಭಾಷೆ ಪಾಪ, ಎದುರು ಮಾತಾಡಲಿಲ್ಲ.

ಇದೆಲ್ಲ ಹೀಗೇ ಇರುತ್ತಿತ್ತೋ ಏನೋ. ಕಳೆದ ಜೂನ್‌ನಲ್ಲಿ ನಾನೇ ಹಳ್ಳ ತೋಡಿಕೊಂಡೆ. ಸಂಜೆ ಆರರಿಂದ ಏಳರವರೆಗೆ ದೊಡ್ಡವರಿಗೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಶುರು ಮಾಡಿದೆ. ಬಸ್ ಸ್ಟ್ಯಾಂಡ್ ಹತ್ತಿರ ಫೋಟೊ ಸ್ಟುಡಿಯೊ ಇಟ್ಟಿರುವ ಚಲಪತಿ ಮಹಡಿಯ ಮೇಲಿನ ಕೋಣೆ ಬಿಟ್ಟುಕೊಟ್ಟ. ಮೊದಲ ದಿನವೇ ನೋಟ್ ಬುಕ್ ಹಿಡಿದು ಅಮ್ಮ ಬಂದಳು.

"ಅಂಗನವಾಡಿ ಮಕ್ಕಳ ಅಮ್ಮಂದ್ರು ಎ ಬಿ ಸಿ ಡಿ ಕೇಳ್ತಾರೆ ಕಣೇ. ನಂಗೂ ಕಲಿಸು" ಎಂದಳು.

ಎರಡನೆಯ ದಿನ ದೊಡ್ಡಮ್ಮ ಬಂದಳು. ಅವಳ ಕಾರಣ ಅವಳ ಮುಖದಲ್ಲೇ ಇತ್ತು: ತಂಗಿಗೆ ಬಂದು ತನಗೆ ಬಾರದ ವಿದ್ಯೆ ಎಂಥದ್ದು? ಅಮ್ಮ ಕಿಟಕಿಯ ಪಕ್ಕದ ಬೆಂಚಿನಲ್ಲಿ, ದೊಡ್ಡಮ್ಮ ಬಾಗಿಲ ಪಕ್ಕದ ಬೆಂಚಿನಲ್ಲಿ. ನಡುವೆ ಚಲಪತಿ, ಟೈಲರ್ ಯಾಮಿನಿ, ಇನ್ನೂ ಏಳೆಂಟು ಜನ. ನನಗೆ ಮೊದಲು ಸಂತೋಷವೇ ಆಯಿತು. ಆಮೇಲೆ ನಾನೇ ತಯಾರಿಸಿ ಜೆರಾಕ್ಸ್ ಮಾಡಿಸಿ ಹಂಚಿದ್ದ ಪಾಠದ ಪುಸ್ತಕವನ್ನು ತಿರುವಿ ನೋಡಿದೆ. ಸಂತೋಷ ಅಲ್ಲಿಗೆ ಮುಗಿಯಿತು. ಪಾಠ ಹದಿನಾಲ್ಕು: ಟು ಹಿಂದೆ ಯಾರ ಹೆಸರು ಬರಬೇಕು? ಐ ವಾಂಟ್ ಟು ಟಾಕ್ ಅಂದರೆ ನಾನು ಮಾತಾಡಬೇಕು. ಐ ವಾಂಟ್ ಯೂ ಟು ಟಾಕ್ ಅಂದರೆ ನೀನು ಮಾತಾಡಬೇಕು. ನಡುವೆ ಒಂದು ಯೂ ಇದ್ದರೆ ಒಬ್ಬರು, ಇಲ್ಲದಿದ್ದರೆ ಇನ್ನೊಬ್ಬರು. ಏಳು ವರ್ಷ ನಾನು ಮುಚ್ಚಿಟ್ಟದ್ದನ್ನು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅವರಿಬ್ಬರಿಗೇ ಓದಿ ಹೇಳಬೇಕು!

ನಾನೇನು ದಡ್ಡಿಯೇ? ಹದಿಮೂರು ಮುಗಿಸಿ ಹದಿನೈದಕ್ಕೆ ಹಾರಿದೆ.

"ಮಿಸ್, ಹದಿಮೂರಾದ್ಮೇಲೆ ಹದಿನೈದು ಬಂತು" ಎಂದ ಚಲಪತಿ.

"ಹದಿನಾಲ್ಕರಲ್ಲಿ ಪ್ರಿಂಟ್ ಮಿಸ್ಟೇಕ್ ಇದೆ" ಎಂದೆ.

ಹದಿನೈದು ಆನ್, ಅಂಡರ್‌ಗಳ ಪಾಠ. ಎರಡು ವಾರ ಬೆಕ್ಕು ಮೇಜಿನ ಕೆಳಗಿತ್ತು, ಪುಸ್ತಕ ಮೇಜಿನ ಮೇಲಿತ್ತು. ಆಮೇಲೆ ಬೆಕ್ಕನ್ನು ಮೇಜಿನ ಮೇಲೆ ಹತ್ತಿಸಿ ಪುಸ್ತಕವನ್ನು ಕೆಳಗೆ ಹಾಕಿದೆ. ಅಮ್ಮ ಆಕಳಿಸಿದಳು. ದೊಡ್ಡಮ್ಮ ನೋಟ್ ಬುಕ್ಕಿನಲ್ಲಿ ಬೆಕ್ಕಿನ ಚಿತ್ರ ಬರೆದು ಅದಕ್ಕೆ ಕನ್ನಡಕ ಹಾಕಿದಳು. ಆ ಕನ್ನಡಕ ನನ್ನದರ ಹಾಗೆಯೇ ಇತ್ತು.

ನನ್ನ ಪುಣ್ಯ ಮುಗಿದದ್ದು ಚಲಪತಿಯಿಂದ. ಒಂದು ಭಾನುವಾರ ಅವನು ಮದುವೆಯಾಗುವ ಜೋಡಿಯೊಂದರ ಫೋಟೊ ತೆಗೆಯಲು ನಂದಿ ಬೆಟ್ಟಕ್ಕೆ ಹೋಗಿದ್ದ. ಹೆಣ್ಣು ಬೆಂಗಳೂರಿನವಳು, ಕನ್ನಡ ಬಾರದು. ಗಂಡಿನ ಜೊತೆ ನಗುನಗುತ್ತ ಮಾತಾಡಮ್ಮ, ಫೋಟೊ ಸಹಜವಾಗಿ ಬರುತ್ತದೆ ಎಂದು ಅವಳಿಗೆ ಹೇಳಬೇಕಿತ್ತು. ಸೋಮವಾರ ಅವನು ಕ್ಲಾಸಿಗೆ ಬಂದಾಗ ಅಂಗಿಯ ಕಾಲರ್ ಹರಿದಿತ್ತು.

"ಏನಂದೆ ಚಲಪತಿ?" ಎಂದು ಕೇಳಿದೆ.

"ಐ ವಾಂಟ್ ಟು ಟಾಕ್ ಸ್ವೀಟ್ಲಿ, ಅಂದೆ ಮಿಸ್. ಅರ್ಥ ಆಗ್ಲಿಲ್ವೇನೋ ಅಂತ ಮೂರು ಸಲ ಅಂದೆ. ಮೂರನೇ ಸಲಕ್ಕೆ ಆ ಗಂಡು ಬಂದು ಕಾಲರ್ ಹಿಡ್ಕೊಂಡ. ನಾನೇನು ತಪ್ಪು ಹೇಳ್ದೆ?"

ಕ್ಲಾಸ್ ಬಿದ್ದು ಬಿದ್ದು ನಕ್ಕಿತು. ಯಾಮಿನಿ ಪುಸ್ತಕ ತಿರುವಿ, "ಮಿಸ್, ಇದೇ ಹದಿನಾಲ್ಕನೇ ಪಾಠ! ಪ್ರಿಂಟ್ ಸರಿಯಾಗೇ ಇದೆಯಲ್ಲ" ಎಂದಳು. ಹತ್ತು ಹನ್ನೆರಡು ಜೊತೆ ಕಣ್ಣು ನನ್ನ ಮೇಲೆ. ಇನ್ನು ತಪ್ಪಿಸಿಕೊಳ್ಳಲು ಆಗಲಿಲ್ಲ. ಸೀಮೆಸುಣ್ಣ ತೆಗೆದುಕೊಂಡೆ.

ಪಾಠ ಚೆನ್ನಾಗಿ ಮಾಡಿದೆ, ಸುಳ್ಳೇಕೆ ಹೇಳಲಿ. ಚಲಪತಿಯ ವಾಕ್ಯವನ್ನೇ ಬರೆದು ಟಾಕ್ ಮಾಡುವವರು ಯಾರು ಎಂದು ಕೇಳಿದೆ. ನಡುವೆ ಯೂ ಸೇರಿಸಿದೆ. ಈಗ ಯಾರು? ಹೆಣ್ಣು! ಚಲಪತಿ ತಲೆ ಚಚ್ಚಿಕೊಂಡ. ಇನ್ನೂ ಮೂರು ವಾಕ್ಯ ಹೇಳಿಸಿದೆ: ಶೀ ಟೋಲ್ಡ್ ಮೀ ಟು ಟಾಕ್, ಹೀ ಆಸ್ಕ್ಡ್ ಹರ್ ಟು ಟಾಕ್, ದೇ ಟೋಲ್ಡ್ ಅಸ್ ನಾಟ್ ಟು ಟಾಕ್. ಉತ್ಸಾಹ ಬಂದುಬಿಟ್ಟಿತು ನನಗೆ. ಉತ್ಸಾಹ ಬಂದರೆ ನನಗೂ ಅಮ್ಮನ ಹಾಗೆ ಬಾಗಿಲು ಇರುವುದಿಲ್ಲ.

"ಕನ್ನಡದಲ್ಲಿ ನಾವು ಈ ಪದ ನುಂಗಿಬಿಡ್ತೀವಿ. ಬರ್ಬೇಕಂತೆ ಅಂತೀವಿ, ಯಾರು ಬರ್ಬೇಕು? ಹೇಳಲ್ಲ. ಇಂಗ್ಲಿಷಲ್ಲಿ ಹಂಗೆ ನುಂಗೋದಕ್ಕೆ ಆಗಲ್ಲ" ಎಂದೆ.

ಬಾಗಿಲ ಕಡೆಯಿಂದ ಕೈ ಮೇಲೆದ್ದಿತು. ದೊಡ್ಡಮ್ಮ. ಕ್ಲಾಸಿನಲ್ಲಿ ಅವಳು ನನ್ನನ್ನು ಮೇಡಮ್ಮ ಎನ್ನುತ್ತಿದ್ದಳು.

"ಮೇಡಮ್ಮಾ, ಒಂದು ಡೌಟು. ಒಬ್ರು ಹೇಳಿ ಕಳಿಸ್ತಾರೆ ಅನ್ಕೋ. ನಾಳೆ ಬಂದೋರ ಮುಂದೆ ಮಾತಾಡ್ಬಾರ್ದಂತೆ, ಅಂತ. ಇದನ್ನ ಇಂಗ್ಲಿಷಲ್ಲಿ ಹೆಂಗೆ ಹೇಳದು?"

ಸೀಮೆಸುಣ್ಣ ಎರಡು ತುಂಡಾಯಿತು. ಕಿಟಕಿಯ ಕಡೆ ಅಮ್ಮ ಪೆನ್ನು ಕೆಳಗಿಟ್ಟಳು. ಚಲಪತಿ ಹೊಸದಾಗಿ ಕಲಿತ ಹುರುಪಿನಲ್ಲಿ, "ನಾನು ಹೇಳ್ತೀನಿ ಮಿಸ್! ಯಾರು ಮಾತಾಡ್ಬಾರ್ದು ಅಂತ ಮೊದ್ಲು ಗೊತ್ತಾಗ್ಬೇಕು. ಹೇಳಿ ಕಳಿಸಿದೋರೋ, ಕೇಳಿಸ್ಕೊಂಡೋರೋ?" ಎಂದ.

ದೊಡ್ಡಮ್ಮನ ಹುಬ್ಬು ನಿಧಾನವಾಗಿ ಗಂಟಿಕ್ಕಿತು. ಹೇಳಿ ಕಳಿಸಿದವರು ಎಂಬ ಯೋಚನೆ ಏಳು ವರ್ಷದಲ್ಲಿ ಅವಳಿಗೆ ಬಂದೇ ಇರಲಿಲ್ಲ.

"ಇವತ್ತಿಗೆ ಸಾಕು" ಎಂದೆ. ಗಂಟೆ ಆರೂ ಇಪ್ಪತ್ತೈದು.

ಮನೆಗೆ ಬಂದರೆ ಅಮ್ಮ ಹುರುಳಿಕಾಯಿ ಮುರಿಯುತ್ತ ಕೂತಿದ್ದಳು. ಪ್ರತಿ ಕಾಯಿಗೂ ಒಂದು ವಾಕ್ಯ. "ಐ ವಾಂಟ್ ಹರ್ ಟು ಟಾಕ್. ಐ ವಾಂಟ್ ಹರ್ ಟು ಟಾಕ್." ನನ್ನನ್ನು ನೋಡಿ ನಿಲ್ಲಿಸಿದಳು.

"ಅವ್ಳು ಯಾಕೆ ಹಂಗೆ ಕೇಳಿದ್ಲು?"

"ಗ್ರಾಮರ್ ಡೌಟಮ್ಮ."

"ನಾಳೆ ಬಂದೋರ ಮುಂದೆ ಅಂದ್ಲು. ನಾನು ಅವತ್ತು ಹೇಳಿದ್ದೂ ಅದೇ."

"ಹಂಗೆ ಎಲ್ಲರ ಮನೇಲೂ ಹೇಳ್ತಾರೆ" ಎಂದು ನಾನು ಪಾತ್ರೆ ತೊಳೆಯಲು ಹೋದೆ. ನಾನಾಗಿ ಪಾತ್ರೆ ತೊಳೆಯುವುದು ಅಪರೂಪ. ಅಮ್ಮ ಇನ್ನೆರಡು ಕಾಯಿ ಮುರಿದಳು. ಆಮೇಲೆ ಯಾವುದೋ ಸಾಮಾನ್ಯ ವಿಷಯ ಕೇಳುವವಳಂತೆ ಕೇಳಿದಳು, "ಲೇ ಕಲ್ಯಾಣಿ, ನಾನು ಆಣೆ ಇಟ್ಟಿದ್ದು ಕನ್ನಡಕ್ಕೂ ತೆಲುಗಿಗೂ ತಾನೇ?"

ತೊಳೆದಿಟ್ಟ ತಟ್ಟೆಯನ್ನೇ ಎತ್ತಿಕೊಂಡು ಮತ್ತೆ ತೊಳೆಯತೊಡಗಿದೆ.

"ಇಂಗ್ಲಿಷಿಗೆ ಇಲ್ಲ ಅಲ್ವಾ?"

ಗೋಡೆಯಾಚೆಯಿಂದ ಆ ಹೊತ್ತಿಗೆ ಸರಿಯಾಗಿ ಇನ್ನೊಂದು ಸ್ವರ ಕೇಳಿಸಿತು. ದೊಡ್ಡಮ್ಮ ಗಟ್ಟಿಯಾಗಿ ಓದುತ್ತಿದ್ದಳು: "ಐ ವಾಂಟ್ ಹರ್ ಟು ಆಸ್ಕ್. ಐ ವಾಂಟ್ ಹರ್ ಟು ಆಸ್ಕ್." ಅಮ್ಮನ ಕೈಯಲ್ಲಿ ಕಾಯಿ ಹಾಗೇ ನಿಂತಿತು. ಹೆಣ್ಣುಮಕ್ಕಳಿಬ್ಬರೂ ಗೋಡೆಯ ಎರಡು ಕಡೆ ಒಬ್ಬರನ್ನೊಬ್ಬರು ಹರ್ ಎಂದುಕೊಂಡು ಕೂತಿದ್ದರು. ನನಗೆ ಅಳು ಬಂತು. ಜೊತೆಗೆ ಭಯವೂ ಬಂತು. ಹರ್ ಹೋಗಿ ಯೂ ಬಂದರೆ ನನ್ನ ಕಥೆ ಮುಗಿಯಿತು.

ಮಾರನೆಯ ದಿನ ಜ್ವರ ಎಂದು ಕ್ಲಾಸಿಗೆ ರಜಾ ಕೊಡಲು ನೋಡಿದೆ. ಅಮ್ಮ ಹಣೆ ಮುಟ್ಟಿ, "ತಣ್ಣಗಿದೀಯ, ನಡಿ" ಎಂದಳು.

ಕ್ಲಾಸಿನಲ್ಲಿ ನಾನು ಹದಿನಾರನೇ ಪಾಠ ತೆಗೆದೆ. ಯಾರೂ ಪುಸ್ತಕ ತೆರೆಯಲಿಲ್ಲ. ಅಮ್ಮ ನೋಟ್ ಬುಕ್ ಎದೆಗವಚಿಕೊಂಡು ಎದ್ದಳು. ಕಿಟಕಿಯ ಬೆಂಚಿನಿಂದ ಬಾಗಿಲ ಬೆಂಚಿಗೆ ಎಂಟು ಹೆಜ್ಜೆ. ಹೋಗಿ ದೊಡ್ಡಮ್ಮನ ಪಕ್ಕ ಕೂತಳು. ನಡುವೆ ಒಂದು ಮೊಳ ಜಾಗ ಬಿಟ್ಟಳು.

"ಅಕ್ಕ" ಎಂದಳು.

"ಅದು ಕನ್ನಡ ಅಲ್ವಾ ಆಂಟಿ?" ಎಂದ ಚಲಪತಿ. ಬೀದಿಯ ಜಗಳವನ್ನು ಅವನೂ ನೋಡಿದವನೇ, ಆಣೆಯ ವಿಷಯ ಗೊತ್ತು.

"ಅದು ಹೆಸರಪ್ಪ, ನೀನು ಸುಮ್ನಿರು" ಎಂದು ಗದರಿಸಿ ಅಮ್ಮ ನೋಟ್ ಬುಕ್ ತೆರೆದಳು. ಬರೆದುಕೊಂಡು ಬಂದಿದ್ದಳು. "ಅಕ್ಕ. ದಟ್ ಡೇ. ಗೌರಿಬಿದನೂರ್ ಪೀಪಲ್. ವೈ ಯೂ ನಾಟ್ ಟಾಕ್?"

ದೊಡ್ಡಮ್ಮ ಅವಸರ ಮಾಡಲಿಲ್ಲ. ಕನ್ನಡಕ ಏರಿಸಿಕೊಂಡಳು, ತನ್ನ ಪುಟ ಹುಡುಕಿದಳು, ಬೆರಳಿಟ್ಟುಕೊಂಡು ಒಂದೊಂದೇ ಪದ ಓದಿದಳು.

"ಯೂ. ಟೋಲ್ಡ್. ಮೀ. ನಾಟ್ ಟು ಟಾಕ್."

ಅಮ್ಮನ ಬಾಯಿ ತೆರೆದೇ ಇತ್ತು. "ಯೂ? ನೋ ಅಕ್ಕ. ನೋ, ನೋ. ಐ ಟೋಲ್ಡ್ ಮೀ ನಾಟ್ ಟು ಟಾಕ್. ಐ ಟಾಕ್, ಆಲ್ ಸ್ಪಾಯಿಲ್. ಯೂ ಟಾಕ್, ಆಲ್ ಗುಡ್." ಇಂಗ್ಲಿಷ್ ಮುಗಿದುಹೋಯಿತು. ಅಮ್ಮ ಬೋರ್ಡ್ ನೋಡಿದಳು, ನಿನ್ನೆಯ ವಾಕ್ಯ ಇನ್ನೂ ಅಳಿಸಿರಲಿಲ್ಲ. ಅದನ್ನು ನೋಡಿಕೊಂಡು ತನಗೆ ಬೇಕಾದ್ದನ್ನು ಕಟ್ಟಿದಳು. "ಐ ವಾಂಟೆಡ್ ಯೂ ಟು ಟಾಕ್, ಅಕ್ಕ."

ಆ ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ.

"ಸೆವೆನ್ ಇಯರ್ಸ್" ಎಂದಳು.

"ಸೆವೆನ್ ಇಯರ್ಸ್" ಎಂದಳು ಅಮ್ಮ. ನಡುವಿನ ಒಂದು ಮೊಳ ಜಾಗ ಯಾವಾಗ ಹೋಯಿತೋ ನಾನು ನೋಡಲಿಲ್ಲ. ಆಗ ನಾನು ಬಾಗಿಲಿಗೆ ಎಷ್ಟು ದೂರವಿದೆ ಎಂದು ನೋಡುತ್ತಿದ್ದೆ.

"ದೆನ್ ಹೂ ಟೋಲ್ಡ್ ಮೀ?" ಎಂದು ದೊಡ್ಡಮ್ಮ ತನ್ನನ್ನೇ ಕೇಳಿಕೊಂಡಳು. ತಲೆ ಎತ್ತಿದಳು. ಬೆರಳು ನೇರವಾಗಿ ನನ್ನ ಕಡೆ ಬಂತು. "ಶೀ. ಶೀ ಟೋಲ್ಡ್ ಮೀ ನಾಟ್ ಟು ಟಾಕ್."

ಚಲಪತಿ "ಕರೆಕ್ಟ್ ಸೆಂಟೆನ್ಸ್" ಎಂದ. ಯಾರೂ ಅವನ ಕಡೆ ನೋಡಲಿಲ್ಲ.

"ದೊಡ್ಡಮ್ಮ, ಅದು ನನ್ನ ತಪ್ಪಲ್ಲ" ಎಂದು ಶುರು ಮಾಡಿದೆ. "ಕನ್ನಡದಲ್ಲಿ ಕರ್ತೃಪದ ಬಿಡೋದು ರೂಢಿ. ಅಂತೆ ಅಂತ ಕೊನೇಲಿ ಬಂದಾಗ ಯಾರು ಅನ್ನೋದು ಸಂದರ್ಭದಿಂದ ತಿಳ್ಕೋಬೇಕು. ವ್ಯಾಕರಣದಲ್ಲಿ ಇದಕ್ಕೆ…"

"ಕಲ್ಯಾಣಿ" ಎಂದಳು ದೊಡ್ಡಮ್ಮ. ಈ ಸಲ ಕನ್ನಡದಲ್ಲೇ, ಮೇಡಮ್ಮ ಇಲ್ಲದೆ. "ನಾನು ತಿರುಗಿ ಕೇಳಿದ್ನಲ್ಲಮ್ಮ ನಿನ್ನ. ನಾನಾ, ಅಂತ ಕೇಳ್ಲಿಲ್ವಾ?"

ಕೇಳಿದ್ದಳು.

ಇದನ್ನು ನಾನು ನಿಮಗೂ ಹೇಳಿರಲಿಲ್ಲ. ಅವತ್ತು ಸಂಜೆ ಮಾತಾಡ್ಬಾರ್ದಂತೆ ಎಂದು ನಾನು ಹೇಳಿದ ಕೂಡಲೇ ದೊಡ್ಡಮ್ಮನ ಮುಖ ಇಳಿಯಿತು. "ನಾನಾ?" ಎಂದಳು. ಒಂದೇ ಪದ. ನಾನು ದಾರಿಯಲ್ಲಿ ಬೀಳಿಸಿದ್ದ ಪದವನ್ನೇ ಎತ್ತಿ ನನ್ನ ಕೈಗೆ ಕೊಡಲು ಬಂದಿದ್ದಳು. ಅಲ್ಲ ದೊಡ್ಡಮ್ಮ, ಅಮ್ಮ, ಎಂದರೆ ಮುಗಿದುಹೋಗುತ್ತಿತ್ತು. ಅವಳು ನನಗೆಂದು ಮಾಡಿದ್ದ ಕೊಬ್ಬರಿ ಮಿಠಾಯಿ ತಟ್ಟೆಯಲ್ಲಿತ್ತು. ನಾನು ದೊಡ್ಡದೊಂದು ತುಂಡನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬ ಇದ್ದರೆ ಮಾತಾಡಲು ಆಗುವುದಿಲ್ಲವಲ್ಲ. ಅಗಿಯುತ್ತ ಮನೆಗೆ ಬಂದೆ.

ಆ ಗೌರಿಬಿದನೂರಿನವನು ಅದಕ್ಕೂ ಮೊದಲು ಒಂದು ಸಲ ಫೋನ್ ಮಾಡಿದ್ದ. ಮದುವೆಯಾದ ಮೇಲೆ ಕೆಲಸಕ್ಕೆ ಹೋಗುವುದು ಬೇಡ, ಬಿ.ಎಡ್. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಸಾಕು ಎಂದಿದ್ದ. ನನಗೆ ಈ ಮದುವೆ ಬೇಡ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ದೊಡ್ಡಮ್ಮ ಮಾತಾಡಿದರೆ ಸಂಬಂಧ ಕುದುರುತ್ತದೆ, ಅಮ್ಮ ಮಾತಾಡಿದರೆ ಮುರಿಯುತ್ತದೆ ಎಂದು ಮಾತ್ರ ಗೊತ್ತಿತ್ತು. ಮಿಠಾಯಿ ನುಂಗಿದೆ, ಮೇಡಂ ಆದೆ. ನಾನು ಬೋರ್ಡಿನ ಮುಂದೆ ನಿಲ್ಲುವುದಕ್ಕಾಗಿ ಈ ಇಬ್ಬರು ಹೆಂಗಸರು ಏಳು ವರ್ಷ ಕೊಡಕ್ಕೂ ಪೊರಕೆಗೂ ಮಾತಾಡಿದರು.

ಅಮ್ಮ ನನ್ನನ್ನು ನೋಡಿದಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ನೋಟ್ ಬುಕ್ ಮುಚ್ಚಿಟ್ಟು, ಬೋರ್ಡಿನ ಸಹಾಯವಿಲ್ಲದೆ, ನಿಧಾನವಾಗಿ ಹೇಳಿದಳು.

"ಕಲ್ಯಾಣಿ. ಐ ವಾಂಟ್ ಯೂ ಟು ಟಾಕ್."

"ಐ ಅಲ್ಲ ಕಣೇ ಆದಿ" ಎಂದಳು ದೊಡ್ಡಮ್ಮ, ಅಮ್ಮನ ಮೊಣಕೈ ತಿವಿದು. "ವೀ."

ಕನ್ನಡದ ಆಣೆ ಅಲ್ಲಿಗೆ ಮುರಿಯಿತು. ನನ್ನ ಬಿಟ್ಟು ಅದನ್ನು ಯಾರೂ ಗಮನಿಸಲಿಲ್ಲ, ಮುರಿದವಳೂ ಗಮನಿಸಲಿಲ್ಲ. ಅಮ್ಮ ತಲೆಯಾಡಿಸಿದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ಕೂಡಿಸಿ ಕೂತು, ಒಂದೇ ಸ್ವರದಲ್ಲಿ ಹೇಳಿದರು.

"ವೀ ವಾಂಟ್ ಯೂ ಟು ಟಾಕ್."

ನಾನು ಸೀಮೆಸುಣ್ಣ ಕೆಳಗಿಟ್ಟೆ. ಬಾಯಲ್ಲಿ ಮಿಠಾಯಿ ಇರಲಿಲ್ಲ.

"ನಾನು" ಎಂದು ಶುರು ಮಾಡಿದೆ.